ಒಂದು ಗ್ಲಾಸು ಒಡ್ಡಿನ ನೀರು

ನಾನು ಚಿಕ್ಕವಳಿದ್ದಾಗ ನನಗೊಂದು ಕೆಲಸವಿತ್ತು. ದಿನಾ ಬೆಳಿಗ್ಗೆ ಒಂದು ಗ್ಲಾಸು ನೀರು ನೋಡುವುದು. ಕುಡಿಯುವುದಲ್ಲ, ನೋಡುವುದು. ನಗಬೇಡಿ. ನೀವು ದಿನವಿಡೀ ಫೋನಿನಲ್ಲಿ ಏನೇನೋ ನೋಡುತ್ತೀರಿ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ನಾನು ನೋಡುತ್ತಿದ್ದ ಗ್ಲಾಸನ್ನು ನಂಬಿ ಒಂದು ಮನೆಯವರು ಬದುಕಿದ್ದರು. ಇದನ್ನು ನಾನು ಯಾರಿಗೂ ಹೇಳಿದವಳಲ್ಲ, ನಿಮ್ಮ ಅಪ್ಪನಿಗೂ ಹೇಳಿಲ್ಲ. ನಿನ್ನೆ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಬಂದು ನೀವು ಒಂದು ಮಾತು ಹೇಳಿದಿರಿ. ಅದಕ್ಕೇ ಇವತ್ತು ಹೇಳುತ್ತಿದ್ದೇನೆ.

ನಮ್ಮ ಹೊಲ ಆಗಲೂ ಇದೇ, ಘಾಟಬೋರಾಳದ ಆಚೆ. ಎರಡು ದಿಬ್ಬಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡವಾಗಿ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಒಂದು ಮಣ್ಣಿನ ಒಡ್ಡು ಕಟ್ಟಿಸಿದ್ದರು. ಕರಿಮಣ್ಣು, ಕೆಂಪು ಗರಸಿನ ಮೊರಂ ಸುರಿದು, ಅದರ ಮೇಲೆ ಕುರಿ ಹಿಂಡನ್ನು ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿದ ಒಡ್ಡು. ಹೊಲಕ್ಕೆ ನೀರು ಬಿಡಲು ಬುಡದಲ್ಲಿ ಒಂದು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗಲು ಒಂದು ತುದಿಯಲ್ಲಿ ಕೋಡಿ. ಸರಕಾರದ ಕೆರೆಯಾಗಿದ್ದರೆ ವರ್ಷಕ್ಕೊಮ್ಮೆಯಾದರೂ ಯಾರೋ ಬಂದು ನೋಡಿ ಹೋಗುತ್ತಿದ್ದರೇನೋ. ನಮ್ಮದು ಸ್ವಂತದ್ದು, ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನಿಗೆ ಆ ಒಡ್ಡು ಹಾಗಿತ್ತು. ಅದರೊಳಗೆ ನಿಜವಾದ ಹೆಗ್ಗಣಗಳೂ ಇದ್ದವು.

ಒಡ್ಡು ಕಾಯುತ್ತಿದ್ದವರು ಚಾಚಾ. ಅಪ್ಪನಿಗಿಂತ ಹತ್ತು ವರ್ಷ ಹಿರಿಯರು. ಮುತ್ಯಾನ ಕಾಲದಲ್ಲಿ ಆ ಕುರಿ ಹಿಂಡನ್ನು ಓಡಿಸಿದವರು ಅವರ ಅಪ್ಪ. ಒಡ್ಡಿನ ಕೆಳಗೆ, ಹಳ್ಳದ ದಂಡೆಯಲ್ಲೇ ಚಾಚಾನ ಮನೆ, ನಾಲ್ಕು ಪೇರಲ ಗಿಡ, ಒಂದು ಎಮ್ಮೆ. ಅವರ ಹೆಂಡತಿ ಚಾಚಿ ಸುಡುತ್ತಿದ್ದ ಜೋಳದ ರೊಟ್ಟಿಯ ವಾಸನೆ ಒಡ್ಡಿನ ಮೇಲಿನವರೆಗೂ ಬರುತ್ತಿತ್ತು. ಚಾಚಾ ಬೆಳಿಗ್ಗೆ ಎದ್ದವರೇ ಕೋಲು ಹಿಡಿದು ಒಡ್ಡಿನ ಉದ್ದಕ್ಕೂ ಬಡಿಯುತ್ತ ನಡೆಯುತ್ತಿದ್ದರು. ಟೊಳ್ಳು ಸದ್ದು ಬಂದಲ್ಲಿ ಕೂತು, ಏಡಿ ಬಿಲವೋ ಹೆಗ್ಗಣದ ಬಿಲವೋ ನೋಡಿ, ಜಿಗುಟು ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯುತ್ತಿದ್ದರು. ಬೇವಿನ ಸಸಿ, ಜಾಲಿ ಸಸಿ ತಲೆ ಎತ್ತಿದರೆ ಕಿತ್ತು ಬಿಸಾಡುತ್ತಿದ್ದರು.

ಒಡ್ಡಿನ ಬುಡದಲ್ಲಿ ಒಂದು ಕಡೆ ನೀರು ಸಣ್ಣಗೆ ಜಿನುಗುತ್ತಿತ್ತು. ಅಲ್ಲಿ ಚಾಚಾ ಒಂದು ದಪ್ಪ ಗಾಜಿನ ಚಹಾ ಗ್ಲಾಸು ಇಟ್ಟಿದ್ದರು. ಅದನ್ನು ತುಂಬಿಸಿ, ಕಲ್ಲಿನ ಮೇಲಿಟ್ಟು, ಚಾಚಿ ಎರಡು ರೊಟ್ಟಿ ಸುಡುವಷ್ಟು ಹೊತ್ತು ಅಲುಗಾಡಿಸದೆ ಬಿಡಬೇಕು. ಆಮೇಲೆ ತಳ ನೋಡಬೇಕು. ಚಾಚಾನ ಕಣ್ಣಿಗೆ ಪೊರೆ ಬಂದ ಮೇಲೆ ಆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಒಂಬತ್ತು ವರ್ಷ.

"ನೀರು ಬರೂದು ತಪ್ಪಲ್ಲ, ಬೇಟಿ," ಎಂದು ಚಾಚಾ ಹೇಳಿಕೊಟ್ಟಿದ್ದರು. "ಮಣ್ಣಿನ ಒಡ್ಡು, ಬೆವರ್ತದ. ಬೆವರು ತಿಳಿ ಇರಬೇಕು. ಗ್ಲಾಸಿನ ತಳಕ್ಕ ಮಣ್ಣು ಕುಂತ್ರ ಒಡ್ಡು ಒಳಗಿಂದ ಹೊಂಟದ ಅಂತ ತಿಳಿ. ಆವಾಗ ಮ್ಯಾಲ ನಿಂತು ನೋಡಿದ್ರ ಏನೂ ಕಾಣಂಗಿಲ್ಲ."

ನಾನು ನೋಡಿ ಹೇಳಿದರೂ ಚಾಚಾ ತಮ್ಮ ಕೆಲಸ ಬಿಡುತ್ತಿರಲಿಲ್ಲ. ಗ್ಲಾಸಿನೊಳಗೆ ಬೆರಳು ಇಳಿಸಿ, ತಳ ಸವರಿ, ಹೆಬ್ಬೆರಳಿಗೆ ತಿಕ್ಕಿ ನೋಡುತ್ತಿದ್ದರು. ಆಮೇಲೆ "ಸಾಫ್ ಅದ" ಎಂದು ಆ ನೀರನ್ನು ಪೇರಲ ಗಿಡಕ್ಕೆ ಚೆಲ್ಲುತ್ತಿದ್ದರು. ಅಷ್ಟಾದರೆ ಆ ದಿನ ಚಾಚಿ ನೆಮ್ಮದಿಯಿಂದ ಅಡುಗೆ ಮಾಡಬಹುದು ಎಂದು ಅರ್ಥ.

ಆ ವರ್ಷ ಮಳೆ ತಡವಾಗಿ ಬಂದು ಚೆನ್ನಾಗಿ ಸುರಿಯಿತು. ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ಬಸವಕಲ್ಯಾಣದ ಒಂದು ದೊಡ್ಡ ಮನೆತನದವರು ಎಳ್ಳಮವಾಸ್ಯೆಯ ದಿನ ಹೊಲಕ್ಕೇ ಬಂದು ಹುಡುಗಿ ನೋಡುತ್ತೇವೆ, ಊಟವೂ ಅಲ್ಲೇ ಆಗಲಿ ಎಂದು ಹೇಳಿ ಕಳಿಸಿದ್ದರು. ಬಂದವರಿಗೆ ಕೆರೆ ತುಂಬಿ ತುಳುಕುವುದು ಕಾಣಬೇಕು ಎಂದು ಅಪ್ಪನಿಗೆ ಆಸೆ. ಕೋಡಿಗೆ ಅಡ್ಡ ಕಲ್ಲಿಟ್ಟು, ಮಣ್ಣು ಮೆತ್ತಿ, ಎರಡು ಮೊಳ ಎತ್ತರಿಸಿದರು. ನೀರು ಎಂದೂ ಏರದ ಎತ್ತರಕ್ಕೆ ಏರಿ ನಿಂತಿತು.

"ಮ್ಯಾಲಿನ ಮಣ್ಣು ಇಷ್ಟು ವರ್ಷ ನೀರು ಕಂಡಿಲ್ರಿ, ಮಾಲಕ್ರ," ಎಂದು ಚಾಚಾ ಅಂದದ್ದನ್ನು ನಾನೇ ಕೇಳಿದ್ದೇನೆ. "ಒಳಗ ಹೆಗ್ಗಣ ಎಷ್ಟು ಮನಿ ಮಾಡ್ಯಾವೋ ಯಾರಿಗಿ ಗೊತ್ತು. ಕಲ್ಲು ತೆಗಸ್ರಿ."

"ಹಬ್ಬ ಆಗ್ಲಿ, ಭಾಯಿ. ತೆಗಸ್ತೀನಂತ," ಅಂದರು ಅಪ್ಪ. ಅಪ್ಪ ಕೆಟ್ಟವರಲ್ಲ, ಮಕ್ಕಳೇ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಮನಾಬಾದಿನ ಸಂತೆ ತೋರಿಸಿದವರು. ಅವರ ಮೇಲೆ ನನಗೆ ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ. ಎರಡೂ ನಿಜ.

ಎಳ್ಳಮವಾಸ್ಯೆಯ ಬೆಳಿಗ್ಗೆ ಚಳಿ ಹಲ್ಲು ಕಡಿಸುತ್ತಿತ್ತು. ಕೆರೆಯ ಮೇಲೆ ಮಂಜು. ಕಡಲೆ ಹೊಲದಲ್ಲಿ ನಡೆದರೆ ಎಲೆಯ ಹುಳಿ ನೀರು ಕಾಲಿಗೆ ಹತ್ತಿ ತುರಿಸುತ್ತಿತ್ತು. ಅವ್ವ, ಅಕ್ಕ ಕೋಳಿ ಕೂಗುವ ಮೊದಲೇ ಎದ್ದು ಭಜ್ಜಿ ಕುದಿಸಿದ್ದರು. ಮೆಂತ್ಯ, ಕಡಲೆ ಸೊಪ್ಪು, ಹಸಿ ತೊಗರಿ, ಅವರೆ, ಶೇಂಗಾ, ಬಾರೆಹಣ್ಣು ಎಲ್ಲ ಬಿದ್ದ ಆ ಹುಳಿ ಭಜ್ಜಿ, ಬೆಳ್ಳುಳ್ಳಿ ಹಾಕಿದ ಅಂಬಲಿ, ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ. ಅಪ್ಪ ಒಡ್ಡಿನ ಕೆಳಗಿನ ಹೊಲದಲ್ಲಿ ಜೋಳದ ಕಣಿಕೆ ನಿಲ್ಲಿಸಿ ಗುಡಿಸಲು ಕಟ್ಟುತ್ತಿದ್ದರು. ಅದರೊಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿ ಪೂಜೆ ಮಾಡುವುದು, ಆಮೇಲೆ ಎಡೆಯ ಅಡುಗೆಯನ್ನೇ ಹೊಲದ ನಾಲ್ಕೂ ಕಡೆ ಚರಗವೆಂದು ಚೆಲ್ಲುವುದು. ಭೂತಾಯಿ ಬಸುರಿ ಇದ್ದಾಳೆ, ಇವತ್ತು ಅವಳಿಗೆ ಉಣ್ಣಿಸಬೇಕು ಎಂಬ ನಂಬಿಕೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ನೆಲಕ್ಕೆ ಗುದ್ದಲಿ ಹಾಕುತ್ತಿರಲಿಲ್ಲ.

ನಾನು ಗ್ಲಾಸು ತುಂಬಿಸಿಟ್ಟೆ. ನೀರು ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. ಮಂಜಿಗೆ ಹಾಗೆ ಕಾಣುತ್ತಿದೆ ಎಂದುಕೊಂಡು ಕಾದೆ. ನಿಧಾನವಾಗಿ ಮೇಲಿನ ನೀರು ತಿಳಿಯಾಯಿತು, ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಕೂತಿತು. ಅಷ್ಟು ಮಣ್ಣನ್ನು ನಾನು ಎಂದೂ ಕಂಡಿರಲಿಲ್ಲ. ಚಾಚಾ ಆಗ ಒಡ್ಡಿನ ಆ ತುದಿಯಲ್ಲಿದ್ದರು, ಅಪ್ಪ ಹತ್ತಿರವಿದ್ದರು. ಗ್ಲಾಸು ಹಿಡಿದು ಅಪ್ಪನ ಬಳಿ ಓಡಿದೆ.

ಅಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಮಣ್ಣು ಕಂಡಿತು ಎಂದು ಅವರ ಮುಖದಲ್ಲೇ ಗೊತ್ತಾಯಿತು.

"ಚಾಚಾಗ ತೋರ್ಸಿದಿ?"

"ಇಲ್ಲ."

"ನೋಡವ್ವ," ಎಂದು ಅಪ್ಪ ಮೆಲ್ಲಗೆ ಹೇಳಿದರು. "ಇವತ್ತ ಭೂತಾಯಿಗಿ ಉಡಿ ತುಂಬೂ ದಿನ. ಇವತ್ತ ಕೋಡಿಗಿ ಗುದ್ದಲಿ ಹಚ್ಚಬಾರ್ದು. ತೂಬು ಎತ್ತಿದ್ರ ಮಂದಿ ಊಟಕ್ಕ ಕೂಡೂ ಹೊಲ ಕೆಸರಾಗ್ತದ. ಅಕ್ಕನ್ನ ನೋಡ್ಲಿಕ್ಕಿ ಬರಾಕತ್ತಾರ. ಒಂದ್ ದಿನಕ್ಕ ಏನೂ ಆಗಂಗಿಲ್ಲ. ನಾಳಿ ಮುಂಜಾನಿ ನಾನೇ ನಿಂತು ಕಲ್ಲು ತೆಗಸ್ತೀನಿ."

ಅವರು ಮಣ್ಣು ನೀರನ್ನು ಚೆಲ್ಲಿದರು. ಗ್ಲಾಸನ್ನು ತೊಳೆದು, ಊಟಕ್ಕೆಂದು ತಂದಿದ್ದ ತಾಮ್ರದ ಕೊಡದಿಂದ ಕುಡಿಯುವ ನೀರು ತುಂಬಿ ನನ್ನ ಕೈಗೆ ಕೊಟ್ಟರು. "ಹೋಗು, ಇದನ್ನ ತೋರ್ಸು," ಅಂದರು.

ನಾನು ಹೋದೆ. ಬೇರೆ ದಾರಿ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇತ್ತು. ಚಾಚಾನ ಕಿವಿಯಲ್ಲಿ ಎರಡು ಮಾತು ಹೇಳಬಹುದಿತ್ತು. ಆದರೆ ಅಪ್ಪನ ಮಾತು ಮೀರಿ ನಡೆದದ್ದು ನಮ್ಮ ಮನೆಯಲ್ಲಿ ಬೆಕ್ಕು ಒಂದೇ. ಚಾಚಾ ಗ್ಲಾಸಿಗೆ ಬೆರಳು ಇಳಿಸಿದರು. ತಳ ಸವರಿದರು, ಹೆಬ್ಬೆರಳಿಗೆ ತಿಕ್ಕಿದರು. ಮತ್ತೊಮ್ಮೆ ಬೆರಳು ಇಳಿಸಿದರು.

"ಸಾಫ್ ಅದ," ಅಂದರು. ಆಮೇಲೆ, "ನೀರು ಇವತ್ತ ಭಾಳ ಥಂಡ ಅದಲ್ಲ, ಬೇಟಿ?"

ಮಣ್ಣಿನೊಳಗಿಂದ ಬರುವ ನೀರು ಚಳಿಗಾಲದ ಬೆಳಿಗ್ಗೆ ಉಗುರು ಬೆಚ್ಚಗಿರುತ್ತದೆ. ತಾಮ್ರದ ಕೊಡದ ನೀರು ಹಿಮದಂತಿರುತ್ತದೆ. ಅದು ನನಗೂ ಗೊತ್ತಿತ್ತು, ಅಪ್ಪನಿಗೆ ಹೊಳೆದಿರಲಿಲ್ಲ.

"ಥಂಡಿ ದಿನ ಅಲ್ರೀ, ಚಾಚಾ," ಅಂದೆ.

ಚಾಚಾ ತಲೆಯಾಡಿಸಿ ನೀರನ್ನು ನೆಲಕ್ಕೆ ಚೆಲ್ಲಿದರು.

ಬಿಸಿಲೇರುವ ಹೊತ್ತಿಗೆ ಬಸವಕಲ್ಯಾಣದವರು ಎರಡು ಬಂಡಿಯಲ್ಲಿ ಬಂದಿಳಿದರು. ಅಪ್ಪ ಮೊದಲು ಅವರನ್ನು ಒಡ್ಡಿನ ಮೇಲೆ ಕರೆದುಕೊಂಡು ಹೋಗಿ ಕೆರೆ ತೋರಿಸಿದರು. ನೀರು ದಂಡೆಗೆ ಒಂದು ಗೇಣು ಕಡಿಮೆ ನಿಂತಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. "ನೀರಿನ ಸಿರಿ ಅಂದ್ರ ಇದು ನೋಡ್ರಿ," ಎಂದು ವರನ ಅಪ್ಪ ಹೊಗಳಿದರು. ಅಕ್ಕ ಹಸಿರು ಸೀರೆ ಉಟ್ಟು ಎಲ್ಲರಿಗೂ ಹೋಳಿಗೆ ಬಡಿಸಿದಳು. ಆ ಹಬ್ಬದಲ್ಲಿ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ರೂಢಿಯೇ ಇಲ್ಲ. ಚಾಚಿಯೂ ಮನೆ ಬಾಗಿಲಿಗೆ ಚಿಲಕ ಹಾಕಿ ಬಂದು ನನ್ನ ಪಕ್ಕದಲ್ಲೇ ಕೂತು ಉಂಡಳು. ನಾನು ಒಡ್ಡಿನ ಕಡೆಗೇ ನೋಡುತ್ತಿದ್ದೆ.

ಚಾಚಾ ಅರ್ಧ ಊಟಕ್ಕೆ ಎದ್ದರು. ಆ ತಣ್ಣನೆಯ ನೀರು ಅವರ ತಲೆ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಒಡ್ಡಿನ ಬುಡಕ್ಕೆ ಹೋಗಿ ಬಗ್ಗಿ, ಜಿನುಗುವ ಕಡೆ ಕೈ ಇಟ್ಟರು. ಮರುಗಳಿಗೆ ಕೋಲು ಬಿಟ್ಟು, ಎಡವುತ್ತ ನಮ್ಮ ಕಡೆ ಓಡಿ ಬಂದರು.

"ಏಳ್ರಿ ಎಲ್ಲಾರೂ. ದಿಬ್ಬ ಹತ್ರಿ. ತಾಟು ಬಿಡ್ರಿ, ಏಳ್ರಿ."

ಅವರ ದನಿ ಕೇಳಿ ಯಾರೂ ಯಾಕೆ ಎಂದು ಕೇಳಲಿಲ್ಲ. ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ನಾವು ದಿಬ್ಬದ ಅರ್ಧ ಹತ್ತಿರಬೇಕು, ಒಡ್ಡಿನ ನಡುವೆ ಒಂದು ಎತ್ತು ಹೋಗುವಷ್ಟು ತೂತು ಬಿತ್ತು. ಮೇಲಿನ ಮಣ್ಣು ಅದರೊಳಗೆ ಕುಸಿಯಿತು. ಆಮೇಲೆ ಬಂದ ಸದ್ದು ನನ್ನ ಹೊಟ್ಟೆಯಲ್ಲಿ ಕೇಳಿಸಿತು. ಕೆಂಪು ನೀರು ಗುಡಿಸಲು, ಪಾಂಡವರು, ಹೋಳಿಗೆಯ ಬುಟ್ಟಿ ಎಲ್ಲವನ್ನೂ ಹೊತ್ತುಕೊಂಡು ಚಾಚಾನ ಮನೆಯ ಮೇಲೆ ಹೋಯಿತು. ಗೋಡೆ ಒಂದೊಂದಾಗಿ ಕೂತವು. ಎಮ್ಮೆ ಗೂಟದಲ್ಲೇ ಇತ್ತು, ಅದರ ಕರುವೂ ಇತ್ತು.

"ನಾನೇ ಕಟ್ಟಿ ಬಂದೀನಿ," ಎಂದು ಚಾಚಿ ಹೇಳುತ್ತಿದ್ದಳು. "ಕರು ಬಿಟ್ಟು ಬರಬೇಕಿತ್ತು. ನಾನೇ ಕಟ್ಟಿ ಬಂದೀನಿ." ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಒಬ್ಬ ಮನುಷ್ಯನೂ ಸಾಯಲಿಲ್ಲ. ಅದು ಚಾಚಾನಿಂದ. ಈಗ ಕೇಳಿ, ಆಮೇಲೆ ಏನಾಯಿತು.

ದಿಬ್ಬದ ಮೇಲೆ ಎಲ್ಲರೂ ಏದುಸಿರು ಬಿಡುತ್ತ ನಿಂತಿದ್ದೆವು. ವರನ ಅಪ್ಪ, "ಮಳಿ ಇಲ್ಲ, ಗಾಳಿ ಇಲ್ಲ, ಹ್ಯಾಂಗ ಒಡೀತ್ರಿ ಇದು? ನೋಡಾವ್ರು ಯಾರೂ ಇದ್ದಿಲ್ಲೇನು?" ಎಂದು ಕೇಳಿದರು. ಅಪ್ಪ ಅಕ್ಕನ ಕಡೆ ನೋಡಿದರು. ಆಮೇಲೆ ಚಾಚಾನ ಕಡೆ ಬೆರಳು ತೋರಿಸಿದರು.

"ಇವನೇ ನೋಡಾಂವ. ಕಣ್ಣು ಕಾಣ್ಲಾರದಾಂವನ ಕೈಯಾಗ ಒಡ್ಡು ಕೊಟ್ಟೀನಿ, ನಂದೇ ತಪ್ಪು."

ಯಾವತ್ತೂ ಭಾಯಿ ಎನ್ನುತ್ತಿದ್ದ ಬಾಯಿ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಎಮ್ಮೆಯಂತೂ ಆಗಲೇ ಹೋಗಿತ್ತು, ಬರೆ ಚಾಚಾನಿಗೆ ಬಿತ್ತು.

ಚಾಚಾ ನಾನು ಎಲ್ಲಿದ್ದೇನೆ ಎಂದು ಹುಡುಕುವವರಂತೆ ಮುಖ ತಿರುಗಿಸಿ, "ಬೇಟಿ, ಮುಂಜಾನಿ ಗ್ಲಾಸು ಹ್ಯಾಂಗ ಇತ್ತು?" ಎಂದು ಕೇಳಿದರು.

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪನೂ ನೋಡಿದರು. ಹೆದರಿಸುವ ನೋಟವಾಗಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೋ ಏನೋ. ಅವರು ಬೇಡುತ್ತಿದ್ದರು.

"ತಿಳಿ ಇತ್ತು," ಅಂದೆ.

"ಹೌದ್ರಿ," ಎಂದು ಚಾಚಾ ಎಲ್ಲರಿಗೂ ಕೇಳುವಂತೆ ಹೇಳಿದರು. "ನಾನೇ ಬೆರಳು ಇಟ್ಟು ನೋಡೀನಿ. ತಿಳಿ ಇತ್ತು. ಕೂಸಿಂದೇನೂ ತಪ್ಪಿಲ್ಲ." ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ನನ್ನನ್ನು ಉಳಿಸಿದರು. ಆ ಉಪಕಾರವನ್ನು ನಾನು ಇವತ್ತಿಗೂ ಹೊತ್ತು ತಿರುಗುತ್ತಿದ್ದೇನೆ, ಒಂದು ದಿನವೂ ಹಗುರಾಗಲಿಲ್ಲ.

ಅಕ್ಕನ ಮದುವೆ ಅಲ್ಲೇ ಆಯಿತು. ಮನೆತನಕ್ಕೆ ಕೇಡಿಲ್ಲ, ಕಾವಲಿನವನದು ತಪ್ಪು ಎಂದು ಬಸವಕಲ್ಯಾಣದವರಿಗೆ ಸಮಾಧಾನವಾಗಿತ್ತು. ಚಾಚಾ, ಚಾಚಿ ಕೆಸರಿನಲ್ಲಿ ಸಿಕ್ಕ ಒಂದು ಬೀಸುವ ಕಲ್ಲು, ಎರಡು ಪಾತ್ರೆ ಕಟ್ಟಿಕೊಂಡು ಮನ್ನಾಏಖೇಳ್ಳಿಯ ನೆಂಟರ ಮನೆಗೆ ಹೋದರು. ಅಪ್ಪ ಬಂಡಿ ಕೊಟ್ಟರು, ಆದರೆ ತಾವು ಹೊರಗೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ನಿಮ್ಮ ಅಪ್ಪ ನನ್ನ ತೊಡೆಯ ಮೇಲಿನ ಕೂಸಾಗಿದ್ದಾಗ, ನಮ್ಮ ಬಸ್ಸು ಮನ್ನಾಏಖೇಳ್ಳಿಯಲ್ಲಿ ನಿಂತಿತು. ಒಂದು ಅಂಗಡಿ ಕಟ್ಟೆಯ ಮೇಲೆ ಚಾಚಾ ಕೂತಿದ್ದರು. ಎರಡೂ ಕಣ್ಣು ಹೋಗಿದ್ದವು. ಇಳಿದು ಹೋಗಿ ಕಾಲು ಹಿಡಿಯಬೇಕಿತ್ತು. ಬಸ್ಸು ಚಹಾಕ್ಕೆಂದು ಬಹಳ ಹೊತ್ತು ನಿಂತಿತ್ತು. ನಾನು ಕಿಟಕಿಯಿಂದ ನೋಡುತ್ತ ಕೂತೇ ಇದ್ದೆ.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹೊಲ ನನ್ನ ಪಾಲಿಗೆ ಬಂತು. ಒಡೆದ ಒಡ್ಡನ್ನು ನಿಮ್ಮ ಅಪ್ಪ ಮತ್ತೆ ಕಟ್ಟಿಸಿದ. ಕುರಿ ಹಿಂಡು ಎಲ್ಲಿ ತರಬೇಕು, ಜೆಸಿಬಿ ಬಂತು, ನಾಲ್ಕು ದಿನದಲ್ಲಿ ಒಡ್ಡು ಎದ್ದಿತು. ನೀವು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ, ಕೆರೆಯಲ್ಲಿ ಮೀನು ಬಿಟ್ಟಿದ್ದೀರಿ. ಕೋಲು ಬಡಿಯುತ್ತ ನಡೆಯುವವರು ಯಾರೂ ಇಲ್ಲ. ಚಾಚಾನ ಮನೆ ಇದ್ದ ಜಾಗದಲ್ಲಿ ಈಗ ಕಬ್ಬು ಕಡಿಯಲು ಬಂದವರ ಗುಡಾರಗಳಿವೆ, ನಿಮ್ಮ ಓರಗೆಯ ಮಕ್ಕಳು ಅಲ್ಲಿ ಮಲಗುತ್ತವೆ. ನಿನ್ನೆ ನೀವು ಬಂದು ಹೇಳಿದಿರಿ: "ಆಯಿ, ಒಡ್ಡಿನ ಕೆಳಗ ಝರಿ ಹುಟ್ಯದ, ಚಹಾದ ಬಣ್ಣ ಅದ." ಫೋನಿನಲ್ಲಿ ಚಿತ್ರವನ್ನೂ ಹಿಡಿದು ತೋರಿಸಿದಿರಿ. ನನ್ನ ಕಣ್ಣಿಗೆ ಅದೊಂದು ಮಸುಕು ಮಚ್ಚೆ. ಕಂಡಿದ್ದರೂ ಏನು, ಫೋಟೋದಲ್ಲಿ ನೀರು ತಳ ಕಟ್ಟುವುದಿಲ್ಲ.

ಝರಿಯ ವಿಷಯ ನಿಮ್ಮ ಅಪ್ಪನಿಗೆ ಹೇಳಿದೆ. "ಕಬ್ಬು ಫ್ಯಾಕ್ಟರಿಗಿ ಹೋಗ್ಲಿ, ಅವ್ವ. ಮುಂದಿನ ವಾರ ಇಂಜಿನಿಯರನ್ನ ಕರಸ್ತೀನಿ," ಅಂದ. ನನ್ನ ಕಣ್ಣಿನ ಪೊರೆ ತೆಗೆಸುವುದನ್ನೂ ಹೀಗೆಯೇ ಮುಂದಿನ ವಾರ, ಮುಂದಿನ ವಾರ ಎಂದು ಎರಡು ಸುಗ್ಗಿ ದಾಟಿಸಿದ್ದಾನೆ. ದನಿ ಥೇಟು ನನ್ನ ಅಪ್ಪನದೇ.

ನಮ್ಮ ಕಾಲದಲ್ಲಿ ದೊಡ್ಡವರಿಗೆ ಎದುರು ಹೇಳಿದರೆ ಬೆನ್ನಿಗೆ ಬೀಳುತ್ತಿತ್ತು. ನಿಮಗೆ ಆ ಹೆದರಿಕೆ ಇಲ್ಲ, ನನಗೆ ಸಂತೋಷ. ಆದರೆ ನಮ್ಮನ್ನು ಒಬ್ಬರಾದರೂ ಕರೆದು, ಬೇಟಿ, ಗ್ಲಾಸು ಹ್ಯಾಂಗ ಇತ್ತು ಎಂದು ಕೇಳುತ್ತಿದ್ದರು. ನಿಮ್ಮನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅದಕ್ಕೆ ಇವತ್ತು ನಾನು ಕೇಳುತ್ತೇನೆ. ಏಳಿ, ಚಪ್ಪಲಿ ಹಾಕಿಕೊಳ್ಳಿ. ಅಡುಗೆಮನೆಯಿಂದ ಒಂದು ಗಾಜಿನ ಗ್ಲಾಸು ತನ್ನಿ, ಸ್ಟೀಲಿನದು ಬೇಡ. ನಾನೂ ಬರುತ್ತೇನೆ, ಒಡ್ಡಿನ ಬುಡದಲ್ಲೇ ಕೂತು ನೀರು ತಳ ಕಟ್ಟುವ ತನಕ ಕಾಯೋಣ. ಮಣ್ಣು ಕಂಡರೆ ಮೊದಲು ಆ ಗುಡಾರದವರನ್ನು ದಿಬ್ಬ ಹತ್ತಿಸುತ್ತೇನೆ, ನಿಮ್ಮ ಅಪ್ಪನನ್ನು ಆಮೇಲೆ ಕೇಳುತ್ತೇನೆ. ಕಣ್ಣು ನಿಮ್ಮದು, ಬೆರಳು ನನ್ನದು. ಝರಿಯಿಂದ ನನ್ನ ಕೈಗೆ ಬರುವ ನಡುವೆ ಯಾರಾದರೂ ಗ್ಲಾಸು ತೊಳೆದು ಬೇರೆ ನೀರು ತುಂಬಿಸಿ ಕೊಟ್ಟರೆ ತರಬೇಡಿ. ತಣ್ಣಗಿದ್ದರೆ ನನಗೆ ಗೊತ್ತಾಗುತ್ತದೆ.